ಅಕ್ಕನ ಬ್ಲಾಗಿಗೆ ಹೊಸ ಮುಖ

ಎಂಥ ಗುಲಾಬಿ ಇದು, ಬೊಂಬಾಯಿ ಮಿಠಾಯಿ ಕರಗಿಸಿ ಬಳಿದಂಥ ಗುಲಾಬಿ, ಅದರ ಮೇಲೆ ಉದುರುತ್ತಲೇ ಇರುವ ಹೂವಿನ ಪಕಳೆಗಳು, ಮೌಸ್ ಆಡಿಸಿದ ಕಡೆಯೆಲ್ಲ ಬಾಲದಂತೆ ಬೆನ್ನು ಹತ್ತುವ ನಕ್ಷತ್ರಗಳು, ನೋಡಿದರೆ ಕಣ್ಣು ನೋಯುತ್ತದೆ — ಆದರೂ ಜನ ಇದನ್ನು ಓದಿದರಲ್ಲ, ವರ್ಷಗಟ್ಟಲೆ ಓದಿದರಲ್ಲ, ಓದಿ ಹೊಟ್ಟೆ ಹಿಡಿದುಕೊಂಡು ನಕ್ಕರಲ್ಲ ಎಂದುಕೊಳ್ಳುತ್ತ ಶ್ವೇತ ಲ್ಯಾಪ್‌ಟಾಪನ್ನು ಸ್ಟೂಲಿನ ಮೇಲೆ ಇನ್ನಷ್ಟು ಓರೆ ಮಾಡಿದಳು, ಮಂಚದ ಮೇಲೆ ದಿಂಬುಗಳಿಗೆ ಒರಗಿಸಿ ಕೂರಿಸಿದ್ದ ಅಕ್ಕನಿಗೆ ಪರದೆ ನೆಟ್ಟಗೆ ಕಾಣಬೇಕು, ಅದೇ ಮುಖ್ಯ, ಅವಳಿಗೆ ಕಾಣದ ಹಾಗೆ ಮಾಡಿದರೆ ಏನು ಸುಖ. ಅಕ್ಕ ಕೀರ್ತನಳ ಬ್ಲಾಗು, ಲಟಪಟ ಲಾಳಿ ಎಂದು ಹೆಸರು, ದೊಡ್ಡಬಳ್ಳಾಪುರದ ಒಂದು ಮಗ್ಗದ ಮನೆಯ ಹರಟೆ ಎಂದು ಅದರ ಕೆಳಗೆ ಸಣ್ಣಕ್ಷರ. ಗೋಡೆಯಾಚೆ ನಿಜವಾದ ಮಗ್ಗಗಳು ಬಡಿದುಕೊಳ್ಳುತ್ತಿವೆ, ಅಮ್ಮ ಅಲ್ಲಿದ್ದಾಳೆ, ಎಳೆ ಹರಿದಾಗ ಗಂಟು ಹಾಕುತ್ತ, ಇನ್ನು ಒಂದು ಗಂಟೆ ಈ ಕಡೆ ಬರುವುದಿಲ್ಲ, ಒಂದು ಗಂಟೆ ಸಾಕು, ಗುಲಾಬಿಯನ್ನು ಮುಗಿಸಲು ಅಷ್ಟು ಹೊತ್ತೂ ಬೇಡ.

ಥೀಮ್, ಕಸ್ಟಮೈಸ್, ಹಿನ್ನೆಲೆ ಬಣ್ಣ — ಶ್ವೇತಳಿಗೆ ಇದೆಲ್ಲ ಎಡಗೈ ಕೆಲಸ, ಹಗಲಿಡೀ ಅವಳು ಮಾಡುವುದೂ ಇದನ್ನೇ, ಸೀರೆಗಳಿಗೆ ಕಂಪ್ಯೂಟರಿನಲ್ಲಿ ಅಂಚು ಬರೆಯುವುದು, ಸೆರಗು ಕೂರಿಸುವುದು, ಯಾವ ಬಣ್ಣದ ಪಕ್ಕ ಯಾವ ಬಣ್ಣ ಸಾಯುತ್ತದೆ ಎಂದು ಅವಳಿಗೆ ಗೊತ್ತು, ಒಂದು ಸೀರೆಯನ್ನು ಕೆಡಿಸಬೇಕಾದರೆ ಒಡಲನ್ನು ಮುಟ್ಟಬೇಕಾಗಿಲ್ಲ, ಅಂಚು ಬದಲಾಯಿಸಿದರೆ ಸಾಕು ಎಂಬುದೂ ಗೊತ್ತು. ಒಳಗೆ ಹೋಗಲು ಪಾಸ್‌ವರ್ಡ್ ಒಂದು ಅವಳ ಹತ್ತಿರ ಇರಲಿಲ್ಲ, ಅದನ್ನು ಕೊಟ್ಟವನು ಭಾವ ಕಾಂತರಾಜು, ಅಕ್ಕನ ಗಂಡ, ನೆಲಮಂಗಲದಿಂದ ತಿಂಗಳಿಗೊಂದು ಭಾನುವಾರ ಬಂದು ಕಾಫಿ ಆರುವ ಮೊದಲೇ ಎದ್ದು ಹೋಗುವ ಭಾವ, ಸ್ವಲ್ಪ ದಿನ ನಿಮ್ಮನೇಲಿ ಇರ್ಲಿ ಅತ್ತೆ, ನಂಗೂ ಡ್ಯೂಟಿ, ನೋಡ್ಕೊಳೋರು ಯಾರು ಎಂದು ಹೆಂಡತಿಯನ್ನು ಬಿಟ್ಟುಹೋದವನ ಆ ಸ್ವಲ್ಪ ದಿನ ಇನ್ನೂ ಮುಗಿದಿಲ್ಲ. ಹೋದ ಸಲ ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತ, ಅದೊಂದ್ ಬ್ಲಾಗ್ ಐತಲ್ಲ ಶ್ವೇತ, ಮೇಡಂ ಯಾಕ್ ಬರೀತಿಲ್ಲ ಅಂತ ಜನ ನಂಗೇ ಫೋನ್ ಮಾಡ್ತಾರೆ, ಏನಾರ ಮಾಡ್ಕೊ, ಮುಚ್ಚಾದ್ರೂ ಹಾಕು ಎಂದು ಪಾಸ್‌ವರ್ಡ್ ಹೇಳಿದ, ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡ. ಪೆಕರಿ. ಇಂಗ್ಲಿಷಿನಲ್ಲಿ ಸಣ್ಣಕ್ಷರ, ಮುಂದೆ ಅಕ್ಕ ಹುಟ್ಟಿದ ವರ್ಷ. ತಂಗಿಯನ್ನು ಬೀಗದ ಕೈ ಮಾಡಿಟ್ಟುಕೊಂಡಿದ್ದಳು ಅಕ್ಕ, ದಿನಾ ಚುಚ್ಚಿ ತಿರುವಿ ಒಳಗೆ ಹೋಗುತ್ತಿದ್ದಳು.

ಪೆಕರಿ ಎಂದರೆ ಶ್ವೇತ, ಅದು ಊರಿಗೇ ಗೊತ್ತು, ಅಕ್ಕನೇ ಇಟ್ಟ ಹೆಸರು, ಬ್ಲಾಗಿನಲ್ಲೇ ಹುಟ್ಟಿದ್ದು — ನಮ್ಮನೆ ಪೆಕರಿ ಎಂದು ಶುರುವಾಗುವ ಬರಹಗಳು, ತಂಗಿ ಪುರಾಣ ಎಂಬ ಲೇಬಲ್ಲು, ಪುಟದ ಬಲಬದಿಯ ಪಟ್ಟಿಯಲ್ಲಿ ಎಲ್ಲಕ್ಕಿಂತ ಮೇಲೆ, ಎಲ್ಲಕ್ಕಿಂತ ದಪ್ಪಗೆ, ಅದನ್ನು ಒತ್ತಿದರೆ ಶ್ವೇತ ಸಾಲಾಗಿ ಹೊರಬೀಳುತ್ತಾಳೆ, ದೇವನಹಳ್ಳಿ ಬಸ್ಸಿನಲ್ಲಿ ಬೇರೆ ಯಾರದೋ ಮಗುವನ್ನು ಎತ್ತಿಕೊಂಡು ಇಳಿದುಬಿಟ್ಟ ಶ್ವೇತ, ಸಾವಿನ ಮನೆಯಲ್ಲಿ ನಗು ತಡೆಯಲಾರದೆ ಕೆಮ್ಮುತ್ತ ಹೊರಗೆ ಓಡಿದ ಶ್ವೇತ, ಮಾತಾಡುವಾಗ ರ ಬಾರದೆ ಸಾರೂ ಸಾಲೂ ಒಂದೇ ಮಾಡುವ ಶ್ವೇತ, ಎಲ್ಲ ನಿಜವೇ, ಕಷ್ಟ ಇದ್ದದ್ದೇ ಅಲ್ಲಿ, ಸುಳ್ಳು ಬರೆದಿದ್ದರೆ ಸುಳ್ಳು ಅನ್ನಬಹುದಿತ್ತು. ನಿಜವನ್ನು ಬರೆದಳು, ಚೆನ್ನಾಗಿ ಬರೆದಳು, ಪತ್ರಿಕೆಯೊಂದರಲ್ಲಿ ಎರಡು ಬರಹ ಬಂದವು, ಅಂಗಡಿಗೆ ಹೋದರೆ ಅಂಗಡಿಯವನು ತಕ್ಕಡಿ ಹಿಡಿದೇ ನಗುತ್ತಿದ್ದ, ಪೆಕರಿ ಮೇಡಂ ಬಂದ್ರು ದಾರಿ ಬಿಡ್ರಪ್ಪಾ. ಮತ್ತು ಶಿವಗಂಗೆ. ಶಿವಗಂಗೆ ಬೆಟ್ಟದ ಮೇಲಿನ ಆ ಕಡಿದಾದ ಮೆಟ್ಟಿಲು, ಕಂಬಿ ಹಿಡಿದು ನಿಂತವಳು, ಕೆಳಗೆ ನೋಡಬಾರದು ಎಂದುಕೊಂಡೇ ನೋಡಿದ್ದು, ಕಾಲು ಕಲ್ಲಿಗೆ ಅಂಟಿಕೊಂಡದ್ದು, ಬಿಸಿಯಾಗಿ ತೊಡೆಗುಂಟ ಇಳಿದದ್ದು, ಹಿಂದೆ ಜನ, ಮುಂದೆ ಜನ, ಅಕ್ಕ ಆವತ್ತು ಎರಡು ಮೆಟ್ಟಿಲು ಇಳಿದು ಬಂದು ತನ್ನ ವೇಲನ್ನು ಬಿಚ್ಚಿ ಅವಳ ಸೊಂಟಕ್ಕೆ ಸುತ್ತಿ, ಯಾರಿಗೂ ಹೇಳಲ್ಲ ಕಣೆ, ಅಳ್ಬೇಡ, ನನ್ ಮುಖ ನೋಡ್ಕೊಂಡು ಇಳಿ ಎಂದು ಕೈ ಹಿಡಿದು ಕೆಳಗೆ ತಂದಿದ್ದಳು, ಎಷ್ಟು ಮೆತ್ತಗಿನ ಕೈ ಅದು, ಅಂಥ ಅಕ್ಕ ಯಾರಿಗಿದ್ದಾರೆ ಅನ್ನಿಸಿತ್ತು, ವಾರ ಕಳೆಯುವ ಮೊದಲೇ ಬ್ಲಾಗಿನಲ್ಲಿ, ಶಿವಗಂಗೆಯಲ್ಲಿ ಹೊಸ ತೀರ್ಥದ ಉದ್ಭವ. ಅಮ್ಮನಿಗೆ ಓದು ಬಾರದು, ಅಕ್ಕನೇ ಓದಿ ಹೇಳಿದಳು, ಅಮ್ಮ ಬಾಯಿಗೆ ಸೆರಗು ತುರುಕಿಕೊಂಡು ನಕ್ಕಳು, ಅಯ್ಯೋ ಸಾಕು ಬಿಡೇ ಪಾಪ ಅನ್ನುತ್ತ ಇನ್ನೊಂದು ಸಲ ಓದಿಸಿದಳು. ಹೊಸಕೋಟೆಯ ಚೌಡೇಶ್ ಕೂಡ ಓದಿದ, ಅವಳನ್ನು ನೋಡಲು ಬಂದು ಒಪ್ಪಿ ಹೋಗಿದ್ದವನು, ಎರಡನೇ ಸಲ ಒಬ್ಬನೇ ಬಂದು, ಒಳ್ಳೆಯ ಮನಸ್ಸಿನಿಂದಲೇ, ನೀವೇನಾ ಆ ಪೆಕರಿ, ನಮ್ಮನೇಲಿ ಎಲ್ರೂ ಕೂತು ಓದಿ ಬಿದ್ದೂ ಬಿದ್ದೂ ನಕ್ವಿ ಕಣ್ರೀ, ನಮ್ಮಪ್ಪಂಗಂತೂ ಕಣ್ಣಲ್ಲಿ ನೀರು ಬಂದ್ಬಿಡ್ತು ಎಂದ, ನೀರಿನ ಲೋಟ ಅವನ ಕೈಗೆ ಕೊಟ್ಟು ಒಳಗೆ ಹೋದ ಶ್ವೇತ ಮತ್ತೆ ಹೊರಗೆ ಬರಲಿಲ್ಲ, ಬೇಡ ಅಂತ ಹೇಳಿ ಕಳ್ಸಮ್ಮ ಅಂದಳು. ಅಕ್ಕ ಅದನ್ನೂ ಬರೆದಳು.

ಗುಲಾಬಿ ತೆಗೀಲಾ ಅಕ್ಕಾ? ಆಮೇಲೆ, ಎಂದಳು ಅಕ್ಕ. ಅವಳಿಗೆ ಉಳಿದಿರುವುದು ಇದೊಂದೇ ಮಾತು, ಹಸಿವಾದರೂ ಆಮೇಲೆ, ನೋವಾದರೂ ಆಮೇಲೆ, ಮಿಕ್ಕ ಮಾತೆಲ್ಲ ಮಿದುಳಿನ ಎಡಭಾಗದಲ್ಲಿ ಹೆಪ್ಪುಗಟ್ಟಿದ ರಕ್ತದ ಜೊತೆ ಹೋಯಿತು. ಯುಗಾದಿಗೆ ಮುಂಚೆ, ಪಾಠ ಹೇಳುತ್ತಿದ್ದ ಶಾಲೆಯ ಸ್ಟಾಫ್ ರೂಮಿನಲ್ಲಿ, ಅಕ್ಕ ಯಾರೋ ಹೊಸ ಮೇಷ್ಟರ ಮಾತಿನ ಶೈಲಿಯನ್ನು ಅಣಕಿಸಿ ತೋರಿಸುತ್ತಿದ್ದಾಗ ಬಾಯಿ ಒಂದು ಕಡೆಗೆ ಎಳೆಯಿತು, ಮಾತು ತೊದಲಿತು, ಎಲ್ಲರೂ ಅದೂ ಅಣಕವೇ ಎಂದುಕೊಂಡರು, ಚಪ್ಪಾಳೆ ಹೊಡೆದರು, ಕುರ್ಚಿಯಿಂದ ಜಾರಿ ನೆಲಕ್ಕೆ ಬಿದ್ದ ಮೇಲೂ ಇನ್ನೊಂದಿಷ್ಟು ಹೊತ್ತು ನಕ್ಕರಂತೆ, ಹಾಗೆಂದು ಅವಳ ಜೊತೆಯ ಟೀಚರು ಅಳುತ್ತ ಹೇಳಿದಾಗ ಶ್ವೇತಳಿಗೆ ಮೊದಲು ಬಂದದ್ದು ಅಳುವಲ್ಲ. ಬಲಗೈ ಹೋಯಿತು, ಬಲಗಾಲು ಹೋಯಿತು, ಮುಖದ ಬಲಭಾಗ ನೀರಿಳಿದ ಗೋಡೆಯಂತೆ ಜೋತುಬಿತ್ತು, ಉಳಿದದ್ದು ಎಡ ತುಟಿಯ ಒಂದು ಕೊನೆ, ಮಾತಿಗೆ ಮುಂಚೆ ಅದು ಮೇಲಕ್ಕೆ ಹೋಗುತ್ತದೆ, ಹೋಗಿ ಒಂದು ಕ್ಷಣ ನಿಲ್ಲುತ್ತದೆ, ಅಲ್ಲಿ ಒಂದು ಹನಿ ಎಂಜಲು ಹೊಳೆಯುತ್ತದೆ, ಮತ್ತೆ ಆಮೇಲೆ. ಸುಮ್‌ಸುಮ್ನೆ ಅಳು ಬರುತ್ತೆ, ಸುಮ್‌ಸುಮ್ನೆ ನಗು ಬರುತ್ತೆ, ಎರಡೂ ಒಂದೇ ಥರ ಕಾಣುತ್ತೆ, ನೀವು ಮನಸ್ಸಿಗೆ ಹಚ್ಕೋಬೇಡಿ ಎಂದಿದ್ದರು ಡಾಕ್ಟರು, ಆದ್ರೆ ನೀವು ಹೇಳೋದೆಲ್ಲ ಅವ್ರಿಗೆ ಅರ್ಥ ಆಗುತ್ತೆ, ಹುಷಾರಾಗಿ ಮಾತಾಡಿ. ಅರ್ಥ ಆಗುತ್ತೆ. ಆಗಲಿ. ಆಮೇಲೆ ಅಂದರೆ ಈಗ ಬೇಡ, ಇನ್ನೊಂದು ದಿನ ಎಂದಿರಬಹುದು. ಆಮೇಲೆ ಅಂದರೆ ಸರಿ, ಮುಂದೇನು ಹೇಳು ಎಂದೂ ಇರಬಹುದು. ಶ್ವೇತ ತನಗೆ ಬೇಕಾದದ್ದನ್ನು ತೆಗೆದುಕೊಂಡಳು, ಬಣ್ಣದ ಚೌಕವನ್ನು ಎಳೆದಳು, ಗುಲಾಬಿ ಬೆಳ್ಳಗಾಯಿತು, ಆಸ್ಪತ್ರೆಯ ಹಾಸಿಗೆಯಂಥ ಬಿಳಿ. ನೋಡಕ್ಕಾ, ಎಷ್ಟ್ ಕ್ಲೀನಾಗೈತೆ.

ಈಗ ಪಕಳೆ, ಅಕ್ಕ ಎಲ್ಲಿಂದಲೋ ಕೋಡ್ ತಂದು ಅಂಟಿಸಿ ರಾತ್ರಿಯೆಲ್ಲ ಒದ್ದಾಡಿ ಉದುರುವಂತೆ ಮಾಡಿ ಬೆಳಿಗ್ಗೆ ಎಲ್ಲರನ್ನೂ ಎಬ್ಬಿಸಿ ತೋರಿಸಿದ್ದಳು, ಮದುವೆಗೆ ಮುಂಚೆ, ಇದೇ ಕೋಣೆಯಲ್ಲಿ, ಬರ್ರೋ ಹೂ ಬೀಳ್ತಾವೆ ನೋಡ್ರೋ, ಅಪ್ಪ ಇನ್ನೂ ಬದುಕಿದ್ದ, ಪಂಚೆ ಸರಿಮಾಡಿಕೊಳ್ಳುತ್ತ ಬಂದು ಪರದೆಯ ಕೆಳಗೆ ಅಂಗೈ ಒಡ್ಡಿದ್ದ ಹೂ ಹಿಡಿಯುವವನ ಹಾಗೆ — ತೆಗೆದಳು, ಗ್ಯಾಜೆಟ್ಟಿನ ಮೇಲೆ ಒಂದು ಒತ್ತು, ತೆಗೆದುಹಾಕಬೇಕೆ ಎಂದು ಅದು ಕೇಳಿತು, ಹೌದು, ಪಕಳೆಗಳು ಬೀಳುತ್ತಿದ್ದಲ್ಲೇ ಇಲ್ಲವಾದವು. ನಕ್ಷತ್ರಗಳು ಹೋದವು. ಬಂದುಹೋದವರ ಲೆಕ್ಕ ತೋರಿಸುವ ಡಬ್ಬಿ ಹೋಯಿತು. ಅಕ್ಷರವನ್ನು ಸಣ್ಣದು ಮಾಡಿದಳು, ಬೂದಿ ಬಣ್ಣ ಕೊಟ್ಟಳು, ಕಷ್ಟಪಟ್ಟು ಓದಲಿ. ತಂಗಿ ಪುರಾಣವನ್ನು ಏನು ಮಾಡೋಣಕ್ಕಾ, ಅಳಿಸ್ಬಿಡ್ಲಾ? ತುಟಿಯ ಕೊನೆ ಮೇಲಕ್ಕೆ ಹೋಯಿತು, ನಿಂತಿತು. ಆಮೇಲೆ. ಹೌದು, ಅಳಿಸುವುದು ದಾನ ಮಾಡಿದ ಹಾಗೆ, ಅಳಿಸಿದರೆ ನೀನು ಬರೆದೇ ಇಲ್ಲ ಎಂದಾಗುತ್ತದೆ, ಇರಲಿ, ಬಲಬದಿಯ ಪಟ್ಟಿಯನ್ನು ಕಿತ್ತು ಪುಟದ ತಳಕ್ಕೆ ಎಳೆದು ಬಿಟ್ಟಳು, ಆ ಪಟ್ಟಿ ಇದ್ದ ಜಾಗದಲ್ಲಿ ಖಾಲಿ ಬಿಳಿ, ಅಲ್ಲಿ ಹೊಸ ಲೇಬಲ್ಲು, ದಪ್ಪಕ್ಷರ, ಅಕ್ಕ ಪುರಾಣ. ಟೈಪ್ ಮಾಡಿ ಎರಡೆರಡು ಸಲ ಓದಿಕೊಂಡಳು, ಚೌಡೇಶ್ ಒಪ್ಪಿದ ಸುದ್ದಿ ಬಂದಾಗಲೂ ಇಷ್ಟು ಸಂತೋಷ ಆಗಿರಲಿಲ್ಲ ಅವಳಿಗೆ.

ಮೇಲ್ಗಡೆ ಫೋಟೊ ಮಾತ್ರ ಉಳಿಯಿತು, ನೇರಳೆ ರೇಷ್ಮೆ, ಶಾಲು, ಯಾವುದೋ ಸಂಘದ ಸನ್ಮಾನ, ಮೈಕಿನ ಮುಂದೆ ಬಾಯಿ ತುಂಬ ನಗುತ್ತಿರುವ ಅಕ್ಕ, ಆ ನಗುವಿನಲ್ಲಿ ಹಲ್ಲಿನ ಸಾಲು ಎಷ್ಟು ನೇರ, ಆ ಸೀರೆಯ ಅಂಚು ಶ್ವೇತಳೇ ಬರೆದದ್ದು, ಸನ್ಮಾನದ ಭಾಷಣದಲ್ಲಿ ಅಕ್ಕ, ನನ್ನ ಬರಹಕ್ಕೆಲ್ಲ ನಮ್ಮನೆ ಪೆಕರಿಯೇ ಬಂಡವಾಳ, ಎದ್ದು ನಿಲ್ಲೇ ಅಂದಳು, ಶ್ವೇತ ಎದ್ದು ನಿಂತಳು, ಸಭೆಯೆಲ್ಲ ತಿರುಗಿ ನೋಡಿತು, ಕೂರುವಾಗ ಮಡಚುವ ಕುರ್ಚಿ ಮಡಚಿಕೊಂಡಿತು, ಆಮೇಲೆ ಅದು ಕೂಡ ಒಂದು ಬರಹ. ಇದನ್ನ ಬದಲಾಯಿಸ್ಲಾ? ಕೇಳಿದಳೇ ಹೊರತು ಉತ್ತರಕ್ಕೆ ಕಾಯಲಿಲ್ಲ, ಫೋನಿನಿಂದ ಹೊಸದನ್ನು ಹಾಕಿದಳು, ಬೆಳಿಗ್ಗೆ ಗಂಜಿ ಕುಡಿಸುವಾಗ ತೆಗೆದದ್ದು, ಕುತ್ತಿಗೆಗೆ ಕಟ್ಟಿದ ಟವೆಲ್, ಗಲ್ಲದ ಮೇಲೆ ರಾಗಿ, ಬಾಯಿ ಒಂದು ಬದಿಗೆ ಹರಿದು ನಿಂತಂತೆ, ಬಲಗಣ್ಣು ಅರ್ಧ ಮುಚ್ಚಿದ್ದು. ಮೊಬೈಲಿನಲ್ಲಿ ಹೇಗೆ ಕಾಣುತ್ತದೆ ಎಂದು ನೋಡಿದಳು, ಅಲ್ಲಿ ಫೋಟೊ ಎರಡೂ ಕಡೆ ಕತ್ತರಿಸಿ ಬರೀ ಬಾಯಿ ಉಳಿಯುತ್ತಿತ್ತು, ಟವೆಲ್ಲೂ ಇಲ್ಲ, ಕಣ್ಣೂ ಇಲ್ಲ, ತುಟಿ, ರಾಗಿ, ಎಂಜಲು, ಸರಿ ಮಾಡಲು ಕೈ ಹೋಯಿತು, ಕೆಲಸದ ಅಭ್ಯಾಸ, ಕೈ ವಾಪಸ್ ಬಂತು. ಓದುವವರೆಲ್ಲ ಮೊಬೈಲಿನಲ್ಲೇ ಓದುತ್ತಾರೆ. ಉಳಿಸು ಒತ್ತಿದಳು, ಪರದೆಯನ್ನು ಅಕ್ಕನ ಮುಖದ ಹತ್ತಿರಕ್ಕೆ ಹಿಡಿದಳು, ಆಸ್ಪತ್ರೆಯಿಂದ ಬಂದ ಮೇಲೆ ಈ ಮನೆಯಲ್ಲಿ ಯಾರೂ ಅವಳಿಗೆ ಕನ್ನಡಿ ತೋರಿಸಿರಲಿಲ್ಲ, ಅಮ್ಮ ಬೀರುವಿನ ಕನ್ನಡಿಗೂ ಬೆಡ್‌ಶೀಟ್ ಹೊದಿಸಿದ್ದಳು. ಅಕ್ಕ ನೋಡಿದಳು. ಬಹಳ ಹೊತ್ತು ನೋಡಿದಳು. ಎಡಗೈ ಎತ್ತಿ ತನ್ನ ಗಲ್ಲವನ್ನು ಮುಟ್ಟಿಕೊಂಡಳು, ಬೆಳಗಿನ ರಾಗಿಯನ್ನು ಒರೆಸಿಕೊಳ್ಳುವವಳಂತೆ.

ಇನ್ನು ಬರಹ, ಬರಹವನ್ನು ಶ್ವೇತ ಹದಿನೈದು ದಿನದಿಂದ ಮನಸ್ಸಿನಲ್ಲೇ ತಿದ್ದಿದ್ದಾಳೆ, ಅಕ್ಕನಿಗೆ ಬಟ್ಟೆ ಬದಲಾಯಿಸುವಾಗ, ಬೆನ್ನು ಒರೆಸುವಾಗ, ಒಂದೊಂದು ವಾಕ್ಯ ಹೊಳೆದಾಗಲೂ ಒಳಗೊಳಗೇ ನಕ್ಕಿದ್ದಾಳೆ, ಮಂಚದ ಮೇಲೂ ಒಂದು ತೀರ್ಥ ಎಂದು ಹೆಸರು, ಕಾಪಿ ಮಾಡಿ ಅಂಟಿಸಿದಳು, ಪ್ರಕಟಿಸು. ಅಷ್ಟರಲ್ಲಿ ಕರೆಂಟು ಹೋಯಿತು, ಮಗ್ಗಗಳು ಒಮ್ಮೆಗೇ ಬಾಯಿ ಮುಚ್ಚಿದವು, ಕಿವಿಯಲ್ಲಿ ಗುಂಯ್ ಎಂಬ ನಿಶ್ಶಬ್ದ, ಅಮ್ಮ ನಾರಾಯಣಮ್ಮ ಸೆರಗಿನಿಂದ ಕತ್ತು ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದಳು, ಏನೇ ಮಾಡ್ತಾ ಇದೀಯ ಇಷ್ಟ್ ಹೊತ್ತಿಂದ, ಅಂದವಳು ಪರದೆ ನೋಡಿ, ಯಾರೇ ಅದು, ಅಂದಳು, ಹತ್ತಿರ ಬಂದು ಬಗ್ಗಿ ಮತ್ತೆ ನೋಡಿ, ಅಯ್ಯೋ ಕೀರ್ತನ ಅಲ್ವೇನೇ. ಬ್ಲಾಗಿಗೆ ಹಾಕಿದೀನಮ್ಮ, ಹೊಸದಾಗಿ ಬರ್ದಿದೀನಿ, ಕೇಳ್ತೀಯಾ? ಓದು ಅಂದಳು ಅಮ್ಮ, ಮಂಚದ ತುದಿಯಲ್ಲಿ ಕೂತು ಅಕ್ಕನ ಕಾಲನ್ನು ತೊಡೆಯ ಮೇಲೆ ಎಳೆದುಕೊಂಡು. ಶ್ವೇತ ಗಂಟಲು ಸರಿಮಾಡಿಕೊಂಡು ಓದಿದಳು, ನಮ್ಮ ಅಕ್ಕನವರು ಈಗ ದಿನಕ್ಕೆ ಮೂರು ಡೈಪರ್ ಧರಿಸುತ್ತಾರೆ, ಊಟ ಮಾಡಿಸಿದರೆ ಅರ್ಧ ಬಾಯಿಗೆ ಅರ್ಧ ಎದೆಗೆ, ಹಿಂದೆ ಮಾತಿನ ಮಲ್ಲಿಯಾಗಿದ್ದ ಅಕ್ಕನವರು ಈಗ ಒಂದೇ ಪದವನ್ನು ಮಾತನಾಡುತ್ತಾರೆ, ಮೊನ್ನೆ ಹಾಸಿಗೆಯ ಮೇಲೆ ತೀರ್ಥ ಉದ್ಭವವಾದಾಗ ನಾನು ಮೂಗು ಮುಚ್ಚಿಕೊಂಡು — ಮನಸ್ಸಿನಲ್ಲಿ ಕುಣಿಯುತ್ತಿದ್ದ ವಾಕ್ಯಗಳು ಬಾಯಿಗೆ ಬಂದ ಕೂಡಲೇ ಆಸ್ಪತ್ರೆಯ ಚೀಟಿಯ ಹಾಗೆ ಕೇಳುತ್ತಿದ್ದವು, ನಗು ಬರಬೇಕಾದ ಕಡೆ ಅವಳೇ ಸ್ವಲ್ಪ ನಕ್ಕು ತೋರಿಸಿದಳು, ಕರೆಂಟಿಲ್ಲದ ಮನೆಯಲ್ಲಿ ಅದು ದೊಡ್ಡದಾಗಿ ಕೇಳಿಸಿತು, ಮುಗಿಸಿದಳು. ಅಮ್ಮ ಅಕ್ಕನ ಪಾದ ನೀವುತ್ತಲೇ ಇದ್ದಳು. ಯಾಕ್ ಬರ್ದೆ ಇದನ್ನ? ಅವ್ಳು ಬರ್ದಾಗ ನಕ್ಕಿದ್ದೆ ನೀನು, ಎಂದಳು ಶ್ವೇತ, ಸೆರಗು ಬಾಯಿಗಿಟ್ಕೊಂಡು ನಕ್ಕಿದ್ದೆ, ನನ್ ಮಾನ ಹರಾಜಾದಾಗ ಎರಡೆರಡು ಸಲ ಓದಿಸ್ಕೊಂಡು ನಕ್ಕಿದ್ದೆ. ಅಮ್ಮ ತಲೆ ಎತ್ತಿ ಅವಳನ್ನು ನೋಡಿದಳು, ಕೋಪವಿರಲಿಲ್ಲ ಆ ಮುಖದಲ್ಲಿ, ಇದ್ದಿದ್ದರೆ ಚೆನ್ನಾಗಿತ್ತು. ಅದು ನಗೋ ಥರ ಇತ್ತು ಕಣೆ, ಎಂದಳು. ಕರೆಂಟು ಬಂತು, ಮಗ್ಗಗಳು ಬಡಿಯತೊಡಗಿದವು, ಅಮ್ಮ ಅಕ್ಕನ ಕಾಲನ್ನು ಮೆಲ್ಲಗೆ ಕೆಳಗಿಟ್ಟು ಹೊರಟುಹೋದಳು.

ನಗೋ ಥರ ಇತ್ತು, ನಗೋ ಥರ ಇತ್ತು ಎಂದು ಮಗ್ಗ ಬಡಿಯುತ್ತದೆ, ಇದೇನು ಇದು, ಅದು ನಿಜ, ಇದೂ ನಿಜ, ಅಲ್ಲೂ ಉಚ್ಚೆ, ಇಲ್ಲೂ ಉಚ್ಚೆ, ಅಲ್ಲಿ ಮಾತ್ರ ಹೇಗೆ ನಗು ಬಂತು — ಫೋನು ಟಿಣ್ ಎಂದಿತು, ಹಳೆಯ ಓದುಗರು, ಮರೆತಿಲ್ಲ, ಹಾತೊರೆದು ಕಾದಿದ್ದರೇನೋ, ದೇವರು ಬೇಗ ಗುಣಪಡಿಸಲಿ ಎಂದು ಒಬ್ಬರು, ನಿಮ್ಮಂಥ ತಂಗಿ ಎಲ್ಲರಿಗೂ ಸಿಗಲಿ, ಎಂಥ ಸೇವೆ ತಾಯಿ ನಿಮ್ಮದು ಎಂದು ಇನ್ನೊಬ್ಬರು, ಸೇವೆಯಂತೆ, ಮೂರ್ಖರು, ಆ ಗುಲಾಬಿ ಬಣ್ಣ ಎಲ್ಲಿ ಹೋಯಿತು, ಹೂ ಉದುರುತ್ತಿದ್ದುದೇ ಚೆನ್ನಾಗಿತ್ತು ಎಂದು ಮತ್ತೊಬ್ಬರು, ಜಡಿಗೇನಹಳ್ಳಿಯ ಒಬ್ಬ ಮೇಷ್ಟರು, ಕೀರ್ತನ ಮೇಡಂ ಬರೆದಿದ್ದರೆ ಇದರಲ್ಲೂ ನಮ್ಮನ್ನು ನಗಿಸಿಬಿಡುತ್ತಿದ್ದರು, ಕಣ್ಣೊರೆಸಿಕೊಂಡು ಓದಿದೆ. ಫೋನನ್ನು ಮಂಚದ ಮೇಲೆ ಎಸೆದಳು, ಅದು ಅಕ್ಕನ ಸತ್ತ ಕೈಗೆ ಬಡಿದು ಬಿತ್ತು, ಕೈಗೆ ಗೊತ್ತಾಗಲಿಲ್ಲ. ಕೇಳಿಸ್ತಾ, ನೀನೇ ಬೇಕಂತೆ ಅವ್ರಿಗೆ, ಉಚ್ಚೆ ಹೊಯ್ಕೊಂಡು ಬಿದ್ದಿದ್ರೂ ನೀನೇ ಬೇಕಂತೆ, ಎಂದು ಕೂಗಿದಳು, ಮಗ್ಗದ ಸದ್ದಿನಲ್ಲಿ ಕೂಗು ಅವಳಿಗೇ ಕೇಳಿಸಲಿಲ್ಲ, ಲ್ಯಾಪ್‌ಟಾಪನ್ನು ಎಳೆದು ಅಕ್ಕನ ಎದೆಯ ಮೇಲಿಟ್ಟಳು, ಪಕ್ಕದಲ್ಲೇ ಕೂತಳು, ಹೆಗಲಿಗೆ ಹೆಗಲು ತಾಗಿಸಿ, ಚಿಕ್ಕವಳಿದ್ದಾಗ ಲೆಕ್ಕ ಹೇಳಿಸಿಕೊಳ್ಳಲು ಕೂರುತ್ತಿದ್ದಂತೆ, ಹೇಳೇ, ಎಲ್ಲಿ ಕೆಟ್ಟೋಯ್ತು, ಡೈಪರ್ ಮೊದ್ಲಿಗೆ ಬರ್ಬಾರ್ದಿತ್ತಾ, ಕೊನೇಗಿಡ್ಬೇಕಿತ್ತಾ, ಅಕ್ಕನವರು ಅನ್ನೋ ಬದ್ಲು ಬೇರೆ ಹೆಸರಿಡ್ಬೇಕಿತ್ತಾ, ನೀನ್ ನಂಗಿಟ್ಟೆಯಲ್ಲ ಹಂಗೆ, ಎಲ್ಲಿ ನಗು ಬರ್ಬೇಕಿತ್ತು, ತೋರ್ಸೇ, ಬೆರಳಿಟ್ಟು ತೋರ್ಸು, ಎಂದು ಅಕ್ಕನ ಎಡಗೈಯನ್ನು ಹಿಡಿದು ಪರದೆಗೆ ಒತ್ತಿದಳು, ಮೆತ್ತಗಿನ ಕೈ, ಅದು ಜಾರಿತು, ಮತ್ತೆ ಎತ್ತಿ ಒತ್ತಿದಳು, ಅಕ್ಕನ ಕಣ್ಣಿನಿಂದ ನೀರು ಇಳಿಯುತ್ತಿದೆ, ಹೊಟ್ಟೆ ಕುಲುಕುತ್ತಿದೆ, ಅಳುವೋ ನಗುವೋ, ಎರಡೂ ಒಂದೇ ಥರ ಕಾಣುತ್ತೆ ಅಂದಿದ್ದರು, ನಗು ಅಂತಾದ್ರೆ ಯಾವ ಸಾಲಿಗೆ, ಅಕ್ಕಾ, ಯಾವ ಸಾಲಿಗೆ ನಕ್ಕೆ ಹೇಳು, ನನ್ ಬರವಣಿಗೆಗಾ, ನಂಗಾ — ಮುಖವನ್ನು ಮುಖದ ಹತ್ತಿರ ತಂದಳು, ಉಸಿರು ತಾಗುವಷ್ಟು ಹತ್ತಿರ, ಜೋತುಬಿದ್ದ ಬಲಭಾಗ ಕದಲಲಿಲ್ಲ, ಎಡ ತುಟಿಯ ಕೊನೆ ಮೇಲಕ್ಕೆ ಹೋಯಿತು, ಹೋಗಿ ನಿಂತಿತು, ಹನಿ ಹೊಳೆಯಿತು, ಇಳಿಯಲಿಲ್ಲ, ತುಟಿಯ ಕೊನೆ ಮೇಲೆಯೇ ಇತ್ತು, ಮೇಲೆಯೇ —